ದೀಪ ಹತ್ತಿದ ಗಾಡಿ

ನನ್ನ ಗಂಡನನ್ನು ಹೊಸ ನಮೂನೆಯ ಬ್ರೇಕು ಕೊಂದಿತು ಎಂದು ಹುನಗುಂದದಲ್ಲಿ ಜನ ಹೇಳುತ್ತಾರೆ. ಅವರು ಕೆಲಸಕ್ಕಿದ್ದ ಇಳಕಲ್ಲಿನ ಕಲ್ಲು ಪಾಲಿಶ್ ಕಾರ್ಖಾನೆಯ ಎದುರಿನ ಚಹಾದಂಗಡಿಯಲ್ಲೂ ಅದೇ ಮಾತು. ಅದನ್ನು ನಂಬಿ ನಾಲ್ಕೈದು ಜನ ತಮ್ಮ ಬೈಕಿನ ಆ ಬ್ರೇಕನ್ನು, ಎಬಿಎಸ್ಸನ್ನು, ಬಂದ್ ಮಾಡಿಸಿದ್ದಾರೆ. ನನ್ನ ಮೈದುನನೂ ಅವರಲ್ಲೊಬ್ಬ. ಆ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಐದು ತಿಂಗಳು ಬಾಯಿ ಬಿಡಲಿಲ್ಲ.

ಎಬಿಎಸ್ ಇರುವ ಗಾಡಿಯೇ ಬೇಕೆಂದು ಹಠ ಹಿಡಿದವಳು ನಾನು. ಹಳೆಯ ಗಾಡಿಯಲ್ಲಿ ಬಾದಾಮಿಗೆ, ನನ್ನ ತವರಿಗೆ ಹೋಗುವಾಗ ಒಮ್ಮೆ ಉಸುಕಿನ ಮೇಲೆ ಜಾರಿ ಬಿದ್ದಿದ್ದೆವು. ನನ್ನ ಮೊಣಕಾಲಿಗೆ ಏಳು ಹೊಲಿಗೆ ಬಿದ್ದವು. ಜೋರಾಗಿ ಬ್ರೇಕು ಹಿಡಿದರೂ ಗಾಲಿ ಬಿಗಿದು ನಿಲ್ಲದಂತೆ, ಬಿಟ್ಟು ಬಿಟ್ಟು ಹಿಡಿಯುವ ಉಪಾಯವೊಂದು ಬಂದಿದೆ ಎಂದು ಆಮೇಲೆ ಯಾರೋ ಹೇಳಿದರು. ಅದಿಲ್ಲದ ಗಾಡಿ ಹತ್ತುವುದಿಲ್ಲ ಎಂದೆ. ಅವರು ನಕ್ಕರು, ಆದರೆ ಬಾಗಲಕೋಟೆಗೆ ಕರೆದುಕೊಂಡು ಹೋಗಿ ಅದನ್ನೇ ಕೊಂಡರು.

ಅಂಗಡಿಯವನು ಮೀಟರಿನ ಮೂಲೆಯ ಹಳದಿ ದೀಪ ತೋರಿಸಿ ಏನೇನೋ ಹೇಳಿದ. ಅವರು ಹೂಮಾಲೆ ಕಟ್ಟಿಸುತ್ತಿದ್ದರು, ನಾನು ನಿಂಬೆಹಣ್ಣು ಹುಡುಕುತ್ತಿದ್ದೆ. ಎಬಿಎಸ್ಸಿಗೆ ಅದೇ ದೀಪ ಎಂಬಷ್ಟು ಮಾತ್ರ ನನ್ನ ಕಿವಿಗೆ ಬಿತ್ತು.

ನಮ್ಮ ಮನೆಗಳಲ್ಲಿ ದೀಪ ಉರಿಯುತ್ತಿದ್ದರೆ ಎಲ್ಲ ಸರಿ ಇದೆ ಎಂದೇ ಅರ್ಥ. ದೀಪ ಆರಿಸು ಎಂದು ಯಾರೂ ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ಹೊಸ ಗಾಡಿಯ ದೀಪ ಚಾವಿ ತಿರುಗಿಸಿದಾಗ ಹತ್ತುತ್ತಿತ್ತು, ಹತ್ತು ಮಾರು ಹೋಗುವಷ್ಟರಲ್ಲಿ ಮಾಯವಾಗುತ್ತಿತ್ತು. ಹಿಂದೆ ಕೂತ ನನಗೆ ಅವರ ಹೆಗಲ ಮೇಲಿಂದ ಅದು ಕಾಣುತ್ತಿತ್ತು. ದೀಪ ಹೋಯಿತಲ್ಲ ಎಂದು ಎರಡು ಮೂರು ಸಲ ಹೇಳಿದೆ. ಸುಮ್ಮನೆ ಕೂಡು ಎಂದರು. ಹೆಂಗಸರಿಗೆ ಗಾಡಿಯ ವಿಷಯ ಬಿಡಿಸಿ ಹೇಳುವ ತಾಳ್ಮೆ ಅವರಿಗಿರಲಿಲ್ಲ. ಅದೊಂದನ್ನು ಬಿಟ್ಟರೆ ಒಳ್ಳೆಯ ಮನುಷ್ಯ.

ಕಾರ್ಖಾನೆಯ ಗೆಳೆಯರಿಗೆ ಆ ಬ್ರೇಕೆಂದರೆ ನಗೆಪಾಟಲು. ಜೋರಾಗಿ ಹಿಡಿದಾಗ ಹಿಡಿಕೆ ಬೆರಳಿನ ಕೆಳಗೆ ಗಡಗಡ ನಡುಗುತ್ತದೆಯಂತೆ. ‘ನಿನ್ನ ಗಾಡಿಗೆ ಥಂಡಿಜ್ವರ ಬಂದೈತೇನಲೇ?’ ಎಂದು ಒಬ್ಬ ಕೇಳಿದನಂತೆ. ‘ಗಾಡಿ ಹೊಡಿಯಾವ ನೀನೋ, ಆ ಡಬ್ಬಿನೋ?’ ಎಂದು ಇನ್ನೊಬ್ಬ. ಮನೆಗೆ ಬಂದು ಇದನ್ನೆಲ್ಲ ಅವರೇ ನಗುತ್ತ ಹೇಳುತ್ತಿದ್ದರು. ಇಪ್ಪತ್ತು ವರ್ಷ ಗಾಡಿ ಹೊಡೆದ ಕೈ ಅದು. ಹಿಂದಿನ ಬ್ರೇಕು ಒತ್ತಿ, ಗಾಲಿ ಬಿಗಿದು, ಗಾಡಿಯನ್ನು ಬೇಕಾದಲ್ಲಿ ನಿಲ್ಲಿಸುವುದು ಅವರಿಗೊಂದು ಹೆಮ್ಮೆ.

ಒಂದು ದಿನ ಮಾತ್ರ ನಗಲಿಲ್ಲ. ಕಾರ್ಖಾನೆಯ ಒಳದಾರಿ ಬರೀ ಗರಸಿನ ಸಡಿಲ ಮಣ್ಣು, ಅದರ ಮೇಲೆ ಕಲ್ಲಿನ ಹುಡಿ. ಅಲ್ಲಿ ಬ್ರೇಕು ಬಿಟ್ಟು ಬಿಟ್ಟು ಹಿಡಿದು ಗಾಡಿ ನಿಲ್ಲದೆ ಮುಂದೆ ಮುಂದೆ ಹೋಯಿತಂತೆ. ಕಲ್ಲಿನ ಹಲಗೆ ಹೇರಿದ ಲಾರಿಗೂ ಗಾಡಿಗೂ ನಡುವೆ ಒಂದು ಗೇಣು ಉಳಿದಿತ್ತಂತೆ. ಊಟಕ್ಕೆ ಕೂತು ಬಹಳ ಹೊತ್ತು ರೊಟ್ಟಿ ಮುರಿಯಲಿಲ್ಲ. ‘ನಾ ಹಿಡಿ ಅಂದ್ರ ಅದು ಬಿಡ್ತೈತಿ’ ಎಂದರು. ಗರಸಿನ ಮೇಲೆ ಹಾಗಾಗುವುದು ಇದೆ ಎಂದು ಈಗ ತಿಳಿದಿದ್ದೇನೆ. ಅವರ ಭಯ ಪೂರ್ತಿ ಸುಳ್ಳಾಗಿರಲಿಲ್ಲ.

ಅದಾಗಿ ಒಂದು ವಾರಕ್ಕೆ ಬಾದಾಮಿಗೆ ಹೊರಟೆವು. ಅಮೀನಗಡ ದಾಟಿದರೂ ಹಳದಿ ದೀಪ ಹೋಗಲಿಲ್ಲ. ಗುಳೇದಗುಡ್ಡ ಬಂದರೂ ಉರಿಯುತ್ತಲೇ ಇತ್ತು. ನನಗೆ ಎಷ್ಟೋ ದಿನದ ಮೇಲೆ ಹಗುರಾಯಿತು. ಅವರ ಕಿವಿಯ ಹತ್ತಿರ ಬಾಗಿ, ‘ಇವತ್ತ ದೀಪ ಹತ್ತೇ ಐತಿ ನೋಡ್ರಿ’ ಎಂದೆ.

ಎದುರು ಬಂದ ಟಂಟಂ ಆಟೋ ದಾಟಿಹೋದ ಮೇಲೆಯೇ ಅವರು, ‘ಹೂಂ. ನಿನಗ ಸಮಾಧಾನ ಆತಲ್ಲ’ ಎಂದರು.

ಆ ದಿನದಿಂದ ನಾನು ಹಿಂದೆ ಕೂತಾಗಲೆಲ್ಲ ಗಾಡಿ ನಿಧಾನವಾಯಿತು. ವಯಸ್ಸಾಯಿತು, ಬುದ್ಧಿ ಬಂತು ಎಂದುಕೊಂಡೆ. ಆ ದೀಪ ನೋಡುತ್ತ ಅವರ ಬೆನ್ನಿಗೆ ತಲೆಯಾನಿಸಿ ಒಂದೆರಡು ಸಲ ನಿದ್ದೆಯನ್ನೂ ಮಾಡಿದ್ದೇನೆ.

ಅವರು ಹೋದದ್ದು ಮಧ್ಯಾಹ್ನ, ಅಮೀನಗಡದ ಆಚೆ, ಒಬ್ಬರೇ ಇದ್ದಾಗ. ಎರಡು ಹನಿ ಮಳೆ ಬಿದ್ದು ಡಾಂಬರು ಆಗಷ್ಟೇ ತೊಯ್ದಿತ್ತು. ತಿರುವಿನಲ್ಲಿ ಕುರಿಹಿಂಡು ದಾಟುತ್ತಿತ್ತು. ಒಂದು ಕುರಿಗೂ ಏನೂ ಆಗಲಿಲ್ಲ.

ಐದನೆಯ ದಿನ ಆ ಕುರಿ ಕಾಯುತ್ತಿದ್ದ ಹಿರಿಯ ನಮ್ಮ ಮನೆಗೆ ಬಂದ. ಹಣೆಯ ತುಂಬ ಬೀರಪ್ಪ ದೇವರ ಭಂಡಾರದ ಅರಿಶಿನ. ಒಳಗೆ ಬಾ ಎಂದರೂ ಬರದೆ ಕಟ್ಟೆಯ ಕೆಳಗೇ ಕೂತ. ತನ್ನ ಕುರಿಗಳಿಂದ ಹೀಗಾಯಿತೆಂಬ ಸಂಕಟ ಅವನಿಗೆ. ಕಂಡದ್ದನ್ನು ಹೇಳಿದ: ‘ಯವ್ವಾ, ಮುಂದಿನ ಗಾಲಿ ತಿರಗಲಿಲ್ಲಬೇ. ನಿಂತ ಗಾಲಿನ ಜಾರಿಕೋಂತ ಬಂತು.’

ಆಗ ನನಗೆ ಅದು ಬರೀ ಮಾತಾಗಿತ್ತು. ದಿನಕರ್ಮದ ಊಟಕ್ಕೆ ಬಂದ ಗೆಳೆಯರು, ಲಾರಿಯ ಎದುರು ಆದಂತೆಯೇ ಇಲ್ಲೂ ಬ್ರೇಕು ಬಿಟ್ಟಿರಬೇಕು ಎಂದು ತೀರ್ಮಾನಿಸಿದರು. ಮೈದುನ ಎಲ್ಲರ ನಡುವೆ, ನಮ್ಮಣ್ಣನಂಥವನನ್ನೇ ತಿಂದ ಬ್ರೇಕು ನನಗೂ ಬೇಡ, ನಾಳೆಯೇ ತೆಗೆಸುತ್ತೇನೆ ಎಂದ. ನಾನು ಬಡಿಸುತ್ತಿದ್ದೆ. ಕುರಿಯವನ ಮಾತು ನೆನಪಾಯಿತು. ಬಿಡುವ ಬ್ರೇಕಾದರೆ ಗಾಲಿ ತಿರುಗಬೇಕಿತ್ತಲ್ಲ?

ಪೊಲೀಸರಿಂದ ಗಾಡಿ ಬಿಡಿಸಿಕೊಂಡ ಮೇಲೆ ಅದು ಇಳಕಲ್ಲಿನಲ್ಲಿ ಅವರ ಮೆಕ್ಯಾನಿಕ್ಕನ ಅಂಗಡಿಯಲ್ಲಿತ್ತು. ಹೋಗಿ ಅವನಿಗೆ ಆ ಮಾತು ಹೇಳಿದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿಯನ್ನು ಮೊದಲು ಕಳಿಸಿದ. ಆಮೇಲೆ ಕೇಳಿದ:

‘ಅಕ್ಕಾರ, ನಿಮಗ ಹೇಳಿಲ್ಲೇನ್ರಿ ಅವರು? ಆ ಎಬಿಎಸ್ಸಿನ ಫ್ಯೂಜ್ ತಗಸಿದ್ರಲ್ರಿ.’

‘ದೀಪ ಹತ್ತಿತ್ತಲ್ಲಪ್ಪಾ’ ಎಂದೆ.

‘ಹತ್ತಿದ್ರ ಬಂದ್ ಐತಿ ಅಂತ್ರಿ, ಅಕ್ಕಾರ.’

ಅಂಗಡಿಯ ಹೊರಗಿನ ಟಾಯರುಗಳ ಮೇಲೆ ಕೂತೆ. ತಾನು ಬೇಡವೆಂದಿದ್ದೆ, ಅವರೇ ಕೇಳಲಿಲ್ಲ, ಯಾರ ಮುಂದೂ ತನ್ನ ಹೆಸರು ಹೇಳಬೇಡಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ನನ್ನ ತಲೆಯಲ್ಲಿ ಟಂಟಂ ದಾಟಿಹೋದ ಆ ಸ್ವಲ್ಪ ಹೊತ್ತು ಮಾತ್ರ ಇತ್ತು. ನಾನು ತಪ್ಪು ತಿಳಿದಿದ್ದೇನೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ಆ ತಪ್ಪಿನ ಮೇಲೆಯೇ ನನ್ನನ್ನು ಕೂರಿಸಿಕೊಂಡು, ನಿಧಾನವಾಗಿ, ಎಷ್ಟೋ ಸಲ ತವರಿಗೆ ಒಯ್ದರು. ನಾನಿಲ್ಲದಾಗ ನಿಧಾನ ಮಾಡುತ್ತಿರಲಿಲ್ಲ.

ನಿಜ ಹೇಳಿದರೆ ಅವರ ಹೆಸರು ಹೋಗುತ್ತದೆ. ಹೇಳದಿದ್ದರೆ ಇನ್ನೂ ಎಷ್ಟು ಗಾಡಿಗಳ ಫ್ಯೂಜು ಹೊರಬರುತ್ತದೋ. ಇದನ್ನೇ ತೂಗುತ್ತ ಐದು ತಿಂಗಳು ಕಳೆದೆ. ರಸ್ತೆಯಲ್ಲಿ ಜೋರಾಗಿ ಬ್ರೇಕಿನ ಸದ್ದಾದರೆ ಕೈಯ ಕೆಲಸ ನಿಲ್ಲುತ್ತಿತ್ತು.

ಕಳೆದ ಸೋಮವಾರ ಮೈದುನ ಅತ್ತೆಯನ್ನು ಮಹಾಕೂಟಕ್ಕೆ ಕರೆದೊಯ್ಯಲು ಬಂದ. ಹಿಂದಿನ ದಿನ ಮಳೆಯಾಗಿತ್ತು. ಅತ್ತೆ ಸೆರಗು ಬಿಗಿದು, ಅವನ ಹೆಗಲು ಹಿಡಿದು ಒಂದು ಕಾಲು ಎತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ, ಮೆಕ್ಯಾನಿಕ್ಕನ ಹೆಸರೊಂದನ್ನು ಬಿಟ್ಟು.

ಮೈದುನ ಗಾಡಿ ಬಂದ್ ಮಾಡಲಿಲ್ಲ. ‘ಹಂಗಾರ ನಮ್ಮಣ್ಣಗ ಗಾಡಿ ಹೊಡಿಯಾಕ ಬರ್ತಿರಲಿಲ್ಲ ಅಂತೀರೇನ್ರಿ ವೈನಿ?’

‘ಬರ್ತಿತ್ತು. ಬರ್ತಿತ್ತಂತನ ತಗಸಿದ್ರು.’

ಅತ್ತೆ ಎತ್ತಿದ ಕಾಲನ್ನು ಕೆಳಗಿಟ್ಟಳು. ನನ್ನ ಹತ್ತಿರ ಬಂದು, ‘ಈ ಮಾತ ಓಣ್ಯಾಗ ಯಾರ ಮುಂದೂ ಆಡಬ್ಯಾಡ’ ಎಂದು ಮೆಲ್ಲಗೆ ಹೇಳಿದಳು. ಆದರೆ ಮತ್ತೆ ಗಾಡಿ ಹತ್ತಲಿಲ್ಲ. ಬಸ್ಸಿಗೆ ಹೋಗುತ್ತೇನೆ ಎಂದು ಬುತ್ತಿ ಎತ್ತಿಕೊಂಡು ನಡೆದಳು. ಮೈದುನ ತಾಯಿಯನ್ನು ಕರೆಯಲೂ ಇಲ್ಲ, ನನ್ನನ್ನು ನೋಡಲೂ ಇಲ್ಲ.

ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಫ್ಯೂಜ್ ಮತ್ತೆ ಹಾಕಿಸಿದನೋ ಇಲ್ಲವೋ, ಕೇಳುವ ದಾರಿ ನನಗಿಲ್ಲ. ಬೆಳಿಗ್ಗೆ ಎಂಟಕ್ಕೆ ಅವನ ಗಾಡಿ ನಮ್ಮ ಮನೆಯ ಮುಂದಿನಿಂದಲೇ ಇಳಕಲ್ಲಿಗೆ ಹೋಗುತ್ತದೆ. ಮೊದಲಿಗಿಂತ ಜೋರಾಗಿ ಹೋಗುತ್ತದೆ.