ಚಿಕ್ಕಣ್ಣನ ಜೇಬಿನಲ್ಲಿದ್ದ ಚೀಟಿ

ಕೊರೊನಾ ಕಳೆದ ಮರುವರ್ಷ ನಾನು ಹಾಸನದ ಒಂದು ಪುಟ್ಟ ಗೇಮ್ ಕಂಪನಿಯಲ್ಲಿ ಹಿರಿಯ ಕ್ವೆಸ್ಟ್ ರೈಟರ್ ಆಗಿದ್ದೆ. ಕೆಲಸದ ಹೆಸರು ಕೇಳಿ ನಗಬೇಡಿ, ನಮ್ಮತ್ತೆ ಆಗಲೇ ಸಾಕಷ್ಟು ನಕ್ಕಾಗಿದೆ. ಇಂಟರ್ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಇಂಥ ಆಟಗಳಲ್ಲಿ ಕಥೆಯನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ತಲೆಯ ಮೇಲೆ ಹಳದಿ ಗುರುತಿರುವ ಒಬ್ಬ ದಾರಿಯಲ್ಲಿ ಸಿಕ್ಕಿ ಕೆಲಸ ಒಪ್ಪಿಸುತ್ತಾನೆ: ಇಂಥದ್ದನ್ನು ತಾ, ಇಂಥವನನ್ನು ಮುಗಿಸು. ಅದೇ ಕ್ವೆಸ್ಟ್. ಮುಗಿಸಿದರೆ ಬಹುಮಾನ, ಜೊತೆಗೆ ಕಥೆಯ ಮುಂದಿನ ತುಂಡು. ಆ ತುಂಡುಗಳನ್ನು ಬರೆಯುವವಳು ನಾನು.

ಹೊಸ ಆಟಕ್ಕೆ ನಮ್ಮ ಸೀಮೆಯ ಮಾತೇ ಬೇಕೆಂದು ಹಟ ಹಿಡಿದೆ. ಹೊಳೆನರಸೀಪುರದ ಕಡೆಯಿಂದ ರಂಗೇಗೌಡರು ಬಂದರು. ಅರವತ್ತು ದಾಟಿದವರು, ಪೌರಾಣಿಕ ನಾಟಕದಲ್ಲಿ ಪಳಗಿದ ಗಂಟಲು. ಊರ ಯಜಮಾನನ ಪಾತ್ರಕ್ಕೆ ಧ್ವನಿ ಕೊಟ್ಟರು: "ನನ್ ಮಗನ್ನ ಕಡ್ದೋನು ಆ ಚಿಕ್ಕಣ್ಣ. ಓಗು, ಅವನ ತಲೆ ತತ್ತಾ."

ಚಿಕ್ಕಣ್ಣ ನಿರಪರಾಧಿ. ಕೊಲೆಯಾದ ದಿನ ಅವನು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ತೂಗಿಸುತ್ತಿದ್ದ. ಅವನನ್ನು ಕೊಂದು ಜೇಬು ತಡಕಿದರೆ ಆ ದಿನದ ತಾರೀಖಿರುವ ತೂಕದ ಚೀಟಿ ಸಿಗುತ್ತದೆ, ಯಜಮಾನನ ಸುಳ್ಳು ಬಯಲಾಗುತ್ತದೆ. ಈ ತಿರುವಿನ ಬಗ್ಗೆ ನನಗೆ ಎಷ್ಟು ಜಂಬವಿತ್ತೆಂದರೆ, ಹೊರಗಿನವರಿಂದ ಆಟ ಆಡಿಸಿ ನೋಡುವ ದಿನ ರಂಗೇಗೌಡರನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ.

ಒಂಬತ್ತು ಜನ ಆಡಿದರು. ಒಂಬತ್ತೂ ಜನ ನೇರ ಹೋಗಿ, ಹೆಂಡತಿಯ ಕಣ್ಣೆದುರೇ ಚಿಕ್ಕಣ್ಣನನ್ನು ಕೊಚ್ಚಿದರು. ರಕ್ತ ಗೋಡೆಗೆ ಹಾರಿತು. ಆಮೇಲೆ ಚೀಟಿ ಓದಿ "ಅಯ್ಯೋ" ಅಂದರು. ನಾನು ಬೀಗಿದೆ.

"ಚೀಟಿನ ಸತ್ ಮ್ಯಾಕೆ ಯಾಕ್ ಕೊಡ್ತೀರಿ ಮೇಡಂ?" ರಂಗೇಗೌಡರು ಕೇಳಿದರು.

"ಆಟ ಕಣ್ರೀ ಇದು," ಎಂದೆ ಸಿಡುಕಿ.

"ನಂಗೂ ಇಂಗೇ ಕೊಟ್ರು," ಎಂದರು. ಇವರ ಅಣ್ಣನನ್ನು ಯಾರೋ ಕಡಿದಿದ್ದರು. ಪುಟ್ಟಸ್ವಾಮಿಯೇ ಕಡಿದದ್ದು ಎಂದು ಚಿಕ್ಕಪ್ಪ ಹೇಳಿದ, ಮಚ್ಚನ್ನೂ ಅವನೇ ಕೊಟ್ಟ. ಪುಟ್ಟಸ್ವಾಮಿ ಇವರ ಜತೆ ನಾಟಕ ಕಟ್ಟುತ್ತಿದ್ದವನು. "ಮುದ್ದೆ ಮುರೀತಿದ್ದ. ಎಗಲಿಗೆ ಆಕ್ದೆ. 'ತಡಿಯೋ ರಂಗ, ಯೋಳ್ತೀನಿ' ಅಂತ ಕೈ ಅಡ್ಡ ಕೊಟ್ಟ. ಕೈಯೇ ಓಯ್ತು. ಇನ್ನೊಂದು ಕತ್ತಿಗೆ ಆಕ್ದೆ." ಅಣ್ಣನನ್ನು ಕಡಿಸಿದವನು ಚಿಕ್ಕಪ್ಪನೇ ಎಂಬುದು ಜೈಲಿನಲ್ಲಿದ್ದಾಗ ಗೊತ್ತಾಯಿತಂತೆ. ಒಳಗಿದ್ದದ್ದು ಹದಿನಾಲ್ಕು ವರ್ಷ.

ನನ್ನ ಜಂಬಕ್ಕೆ ನನಗೇ ನಾಚಿಕೆಯಾಯಿತು.

"ಒಡಿಯಕ್ ಮುಂಚೆ ಅವನ ಮಾತು ಕೇಳಂಗೆ ಮಾಡಿ. ಇಲ್ದಿದ್ರೆ ನನ್ ಧ್ವನಿ ತೆಗ್ದಾಕಿ," ಎಂದರು. ಆಟ ಹೊರಬರಲು ಆರು ದಿನವಿತ್ತು. ಯಜಮಾನನಿಗೆ ಇನ್ನೂರು ಸಾಲು, ಎಲ್ಲ ಇವರದೇ ಧ್ವನಿ. ಮ್ಯಾನೇಜರು ನನ್ನ ಮೇಲೆ ಕೂಗಾಡಿದರು, ನಾನೂ ಬಿಡಲಿಲ್ಲ. ಕೊನೆಗೆ ಮೊದಲ ಏಟಿಗೆ ಮುಂಚೆ ಚಿಕ್ಕಣ್ಣ ಮಾತಾಡುವ ಹಾಗೆ, ಕೇಳಿದವನು ಕೊಲ್ಲದೆ ವಾಪಸು ಹೋಗುವ ಹಾಗೆ ಕ್ವೆಸ್ಟ್ ಬದಲಾಯಿತು.

ಆ ಮಾತಿಗೂ ತಾವೇ ಧ್ವನಿ ಕೊಡುವುದಾಗಿ ರಂಗೇಗೌಡರು ಅಂದರು. ಏನು ಬರೆಯಲಿ ಎಂದೆ.

"ನೀವೇ ಬರ್ಕೊಳಿ. ಅವನು ಏನ್ ಯೋಳಕ್ಕೆ ಬಂದಿದ್ನೋ ನಂಗೇನ್ ಗೊತ್ತು? ನಾನು ಬುಡ್ನಿಲ್ವಲ್ಲ."

ಬರೆದೆ. ಒಂದೇ ಸಲಕ್ಕೆ ಹೇಳಿ ಮುಗಿಸಿದರು.

ಬೇರೆ ಒಂಬತ್ತು ಜನರಿಂದ ಆಡಿಸಿದೆವು. ಆರು ಜನ ಮಾತು ಮುಗಿಯುವ ಮೊದಲೇ ಕಡಿದರು. ಮೂವರು ನಿಂತು ಕೇಳಿದರು, ಮಚ್ಚು ಇಳಿಸಿ ಯಜಮಾನನ ಮನೆಯ ಕಡೆ ತಿರುಗಿದರು. ಕೈಗೆ ಆಯುಧ ಕೊಡುವ ಮೊದಲು ಕೇಳುವುದಕ್ಕೊಂದು ದಾರಿ ಕೊಡಬೇಕೆಂದು ಕಲಿತದ್ದು ಆವತ್ತು. ಇಂದಿಗೂ ನನ್ನ ಕೈಕೆಳಗೆ ಬರೆಯುವವರಿಗೆ ಮೊದಲು ಹೇಳುವುದು ಇದನ್ನೇ.

ಫಲಿತಾಂಶ ತಿಳಿಸಲು ರಂಗೇಗೌಡರಿಗೆ ಫೋನ್ ಮಾಡಿದೆ. ಮೂವರು ನಿಂತರು ಎಂದೆ.

"ನಿಂತ್ರಾ?" ಎಂದರು. ಆಮೇಲೆ ಬಹಳ ಹೊತ್ತು ಅತ್ತರು.