ಸ್ಕೋಪಿಗಾಗಿ ಹದಿನಾಲ್ಕು ಪ್ರಶ್ನೆ

ತಿಪ್ಪಣ್ಣನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆ ಎಂಬುದು ಡುವಾಲಿನಿಂದ ಮಿಲ್ ಕ್ರೀಕ್‌ವರೆಗಿನ ಕನ್ನಡದವರಿಗೆಲ್ಲ ಗೊತ್ತಿದ್ದ ಸಂಗತಿ. ಯಾರ ಕೆಲಸ ಹೋಯಿತು, ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಎಲ್ಲವೂ ಅವನ ಕಿವಿಗೆ ಬೀಳುತ್ತಿತ್ತು; ಬಾಯಿಂದ ಮಾತ್ರ ಹೊರಗೆ ಬರುತ್ತಿರಲಿಲ್ಲ. ಅಂಥವನ ಬಾಯಿಂದ ಅವನ ಸ್ವಂತದ ಒಂದೇ ಒಂದು ಗುಟ್ಟನ್ನು ಹೊರಡಿಸಿದವನು ಸುಹಾಸ್. ಅದೂ ಕುಡಿಸಿ ಅಲ್ಲ, ಹೊಗಳಿ ಅಲ್ಲ. ಒಂದು ಹಾಳೆ ಕೊಟ್ಟು, ತುಂಬಿಸಿ ಎಂದ. ಅಷ್ಟೇ.

ತಿಪ್ಪಣ್ಣ ಹುಳಿಯಾರಿನ ಕಡೆಯವನು. ಡಿಪ್ಲೊಮಾ ಓದಿ, ಬೆಂಗಳೂರಿನಲ್ಲಿ ವಿದ್ಯುತ್ ಮೀಟರ್ ಮಾಡುವ ಕಾರ್ಖಾನೆಯಲ್ಲಿ ಹತ್ತು ವರ್ಷ ಟೆಸ್ಟಿಂಗ್ ಮಾಡಿ, ಆಮೇಲೆ ಕಡಲು ದಾಟಿ ರೆಡ್ಮಂಡಿನ ಒಂದು ಕಂಪನಿಯ ಲ್ಯಾಬಿಗೆ ಬಂದು ಸೇರಿದ್ದ. ಹೊಸ ಯಂತ್ರಗಳನ್ನು ಎತ್ತಿ ಹಾಕುವುದು, ಕಾಯಿಸುವುದು, ಹೆಪ್ಪುಗಟ್ಟಿಸುವುದು, ಎಲ್ಲಿ ಬಿರುಕು ಬಿಟ್ಟಿತು ಎಂದು ಬರೆಯುವುದು ಅವನ ಕೆಲಸ. ಕೈಕೆಳಗಿನವರಿಗೆ ಅವನು ಕಲಿಸುತ್ತಿದ್ದ ಪಾಠವೂ ಒಂದೇ. "ಖಾಲಿ ಬಿಟ್ಟ ಕಾಲಂ ಅಂದ್ರೆ ಮಾಡ್ದೇ ಇರೋ ಕೆಲ್ಸ ಕಣಪ್ಪ." ಅವನು ತುಂಬಿಸಿದ ಹಾಳೆಯಲ್ಲಿ ಒಂದು ಚೌಕವೂ ಬಿಳಿಯಾಗಿ ಉಳಿದದ್ದನ್ನು ಯಾರೂ ನೋಡಿರಲಿಲ್ಲ.

ಆಫೀಸಿನಲ್ಲಿ ಅವನು 'ಟಿಪ್'. ಕನ್ನಡದವರ ಊಟದ ಕೂಟಗಳಲ್ಲಿ 'ಟೆಸ್ಟಿಂಗ್ ತಿಪ್ಪಣ್ಣ'. ಕೋಡ್ ಬರೆಯುವವರ ಮಾತು ಷೇರು, ಬಡ್ತಿ ಎಂದು ಏರುವಾಗ ಅವನು ಕುರ್ಚಿ ಮಡಿಸುವ ಕಡೆ ಹೋಗಿಬಿಡುತ್ತಿದ್ದ. ಇದೆಲ್ಲ ಅವನಿಗೆ ನೋವಾಗುತ್ತಿರಲಿಲ್ಲ ಎಂದರೆ ಸುಳ್ಳು. ನೋವಾಗುತ್ತಿತ್ತು. ಆದರೆ ಅವನಿಗೊಂದು ಜಾಗ ಇತ್ತು.

ಸಿಟಿಜನ್ ಆದ ವರ್ಷ, ಪಕ್ಕದ ಹಾಲಿನ ಫಾರ್ಮಿನ ಮುದುಕ ಅವನನ್ನು ಜಿಂಕೆ ಬೇಟೆಗೆ ಕರೆದುಕೊಂಡು ಹೋಗಿದ್ದ. ಮುದುಕ ಎರಡೇ ಪಾಠ ಹೇಳಿದ. ಒಂದು, ಮನುಷ್ಯ ಇರುವ ದಿಕ್ಕಿಗೆ ಬಂದೂಕ ತಿರುಗಿಸಬೇಡ, ಸುಮ್ಮನೆ ನೋಡುವುದಕ್ಕೂ ಬೇಡ. ಎರಡು, ಒಳ್ಳೆಯ ಜಾಗ ಸಿಕ್ಕಿದರೆ ಕಟ್ಟಿಕೊಂಡ ಹೆಂಡತಿಗೂ ಹೇಳಬೇಡ. ಜಾಗ ಮಾತ್ರ ನೀನೇ ಹುಡುಕಿಕೊಳ್ಳಬೇಕು ಎಂದ. ತಿಪ್ಪಣ್ಣ ಮೂರು ಶರತ್ಕಾಲ ಹುಡುಕಿದ. ಡುವಾಲಿನ ಪೂರ್ವಕ್ಕೆ, ಮರದ ಕಂಪನಿಯ ಕಾಡಿನಲ್ಲಿ, ಮಳೆಯಲ್ಲಿ ನೆಂದು, ಮುಳ್ಳುಕಂಟಿಗಳಲ್ಲಿ ಪ್ಯಾಂಟು ಹರಿದುಕೊಂಡು, ಕೊನೆಗೆ ಮರ ಕಡಿದ ಒಂದು ಬಯಲಿನ ಅಂಚಿನಲ್ಲಿ ಎತ್ತಿನ ಗಾಡಿಯಷ್ಟು ಅಗಲದ ಹಳೆಯ ಸೀಡರ್ ಮರದ ಕಡಿದುಳಿದ ಬುಡವನ್ನು ಕಂಡ. ಅದರ ಹಿಂದೆ ಕೂತರೆ ಗಾಳಿ ಮುಖಕ್ಕೆ ಬೀಸುತ್ತಿತ್ತು. ಜಿಂಕೆಗಳು ಬೆಳಗಿನ ಹೊತ್ತು ಪೊದೆಯಿಂದ ಇಳಿದು ತೊರೆಗೆ ಹೋಗುವ ದಾರಿ ಕೆಳಗೇ ಕಾಣುತ್ತಿತ್ತು. ಅಲ್ಲಿ ಕೂತಾಗ ಅವನು ಟಿಪ್ ಅಲ್ಲ, ಟೆಸ್ಟಿಂಗ್ ಅಲ್ಲ. ಈ ದೇಶದಲ್ಲಿ ಯಾರ ಶಿಫಾರಸೂ ಇಲ್ಲದೆ ಅವನು ಸಂಪಾದಿಸಿದ್ದು ಅದೊಂದೇ.

ಹಿಂದಿನ ಅಕ್ಟೋಬರಿನಲ್ಲಿ ಅಲ್ಲಿ ನಾಲ್ಕು ಕವಲಿನ ಕೊಂಬಿನ ಒಂದು ಗಂಡು ಜಿಂಕೆಯನ್ನು ನೋಡಿದ್ದ. ಗುರಿ ಹಿಡಿಯುವಷ್ಟರಲ್ಲಿ ಅದು ಮಾಯವಾಗಿತ್ತು. ಹಳೆಯ ಬಂದೂಕ ಭಾರ, ಮಂಡಿ ನೋವು ಬೇರೆ. ಹಾಗಾಗಿ 2007ರ ಬೇಸಿಗೆಯಲ್ಲಿ ಐದೂವರೆ ಪೌಂಡಿನ ಹಗುರ ರೈಫಲ್ ಒಂದನ್ನು ಕೊಂಡ. ಅದರ ಮೇಲೆ ಕೂರಿಸಲು ದುರ್ಬೀನು ಬೇಕಿತ್ತು, ಸ್ಕೋಪ್. ಅಂಗಡಿಯವನು ಲೋಟದಷ್ಟು ದಪ್ಪ ಬಾಯಿಯ, ಹದಿನಾರು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದನ್ನು ಮುಂದಿಟ್ಟ. ಇನ್ನೊಂದು ಅಂಗಡಿಯವನು ಅದನ್ನು ಕೇಳಿ ನಕ್ಕ. ತಿಪ್ಪಣ್ಣನಿಗೆ ತಲೆ ಕೆಟ್ಟಿತು.

ಆಗ ಒದಗಿ ಬಂದವನು ಸುಹಾಸ್. ಮೈಸೂರಿನ ಹುಡುಗ, ವಯಸ್ಸು ಮೂವತ್ತೆರಡು, ಅದೇ ಕಂಪನಿಯಲ್ಲಿ ಕ್ಯಾಮೆರಾ ಗಾಜಿನ ವಿಭಾಗದ ಇಂಜಿನಿಯರ್. ಮದುವೆಯಾಗಿರಲಿಲ್ಲ. ವಾರಕ್ಕೊಮ್ಮೆ ತಿಪ್ಪಣ್ಣನ ಮನೆಗೆ ಬಂದು ಮುದ್ದೆ, ಬಸ್ಸಾರು ಉಂಡು, "ಅಕ್ಕ, ನಮ್ಮಮ್ಮನ ಕೈಗೂ ಈ ರುಚಿ ಇಲ್ಲ" ಎಂದು ತಿಪ್ಪಣ್ಣನ ಹೆಂಡತಿ ವಸಂತಲಕ್ಷ್ಮಿಯನ್ನು ಉಬ್ಬಿಸುತ್ತಿದ್ದ. ಬಂದೂಕ ಮುಟ್ಟಿದವನಲ್ಲ, ಆದರೆ ಗಾಜಿನ ವಿಷಯ ಎಂದರೆ ಅರೆದು ಕುಡಿದಿದ್ದ.

"ಅಣ್ಣ, ಅಂಗಡಿಯವ್ರ ಮಾತು ಬಿಡಿ. ಸ್ಕೋಪ್ ಆರಿಸ್ಬೇಕು ಅಂದ್ರೆ ಮೊದ್ಲು ರಿಕ್ವೈರ್ಮೆಂಟ್ ಬೇಕು. ನಾನೊಂದು ಶೀಟ್ ಕಳಿಸ್ತೀನಿ, ಫಿಲ್ ಮಾಡಿ."

"ಅದೇನು ಬೇಕಾದ್ರೂ ಕೇಳಪ್ಪ. ಜಾಗದ ವಿಷ್ಯ ಮಾತ್ರ ನಾನು ಯಾರಿಗೂ ಹೇಳಲ್ಲ."

"ಅಯ್ಯೋ, ನಿಮ್ಮ ಜಾಗ ತಗೊಂಡು ನಾನೇನು ಸೈಟ್ ಮಾಡ್ಲಾ ಅಣ್ಣ?" ಎಂದು ಸುಹಾಸ್ ನಕ್ಕ. ತಿಪ್ಪಣ್ಣನೂ ನಕ್ಕ.

ಹಾಳೆ ಬಂತು. ಹದಿನಾಲ್ಕು ಪ್ರಶ್ನೆ. ಗುರಿ ಎಷ್ಟು ಗಜ ದೂರ? ಕೂತವನ ಮುಖ ಯಾವ ದಿಕ್ಕಿಗೆ? ಸೂರ್ಯ ಹುಟ್ಟುವಾಗ ಗಾಜಿನ ಮೇಲೆ ಬಿಸಿಲು ಬೀಳುತ್ತದೆಯೆ? ಸಮುದ್ರಮಟ್ಟದಿಂದ ಎಷ್ಟು ಎತ್ತರ? ಕಾಡಿನ ಗೇಟಿನಿಂದ ಎಷ್ಟು ನಡಿಗೆ, ಎಷ್ಟು ಏರು? "ಅದ್ಯಾಕಪ್ಪ?" ಎಂದು ಫೋನಿನಲ್ಲಿ ಕೇಳಿದರೆ, "ಎಷ್ಟು ತೂಕ ಹೊರ್ತೀರಿ ಅಂತ ಗೊತ್ತಾಗ್ಬೇಕಲ್ಲ ಅಣ್ಣ" ಎಂದ. ಮುಂದಿನ ಪ್ರಶ್ನೆ, ಯಾವ ಗೇಟು? ಅದು ಯಾಕೆಂದರೆ, "ಏರು ಎಷ್ಟಿದೆ ಅಂತ ಮ್ಯಾಪಲ್ಲಿ ನೋಡ್ತೀನಿ." ಎದುರಿನ ಹಿನ್ನೆಲೆ ಕಪ್ಪೋ ಹಸಿರೋ, ಒಂದು ಫೋಟೋ ಇದ್ದರೆ ಒಳ್ಳೆಯದು. ಒಂದೊಂದಕ್ಕೂ ಕಾರಣ ಇತ್ತು, ಒಂದೊಂದು ಕಾರಣವೂ ಸರಿಯಾಗಿತ್ತು. ಎದುರಿಗೆ ಕೂತು ಕೇಳಿದ್ದರೆ ತಿಪ್ಪಣ್ಣ ಬಾಯಿ ಬಿಡುತ್ತಿರಲಿಲ್ಲ. ಆದರೆ ಇದು ಚೌಕ ಕೊರೆದ ಹಾಳೆ. ಇಪ್ಪತ್ತೈದು ವರ್ಷದ ಅಭ್ಯಾಸ ಕೈಯನ್ನು ಎಳೆಯಿತು. ಗೇಟಿನ ನಂಬರು, ತೊರೆ ದಾಟುವ ಕಡೆ, ಬುಡದ ಹಿಂದೆ ಕೂರುವ ಮಗ್ಗುಲು, ಎಲ್ಲವನ್ನೂ ಬರೆದ. ಹದಿನಾಲ್ಕನೆಯ ಕಾಲಂ ತುಂಬಿಸಿ, ಕೆಳಗೆ ತಾರೀಕನ್ನೂ ಹಾಕಿದ.

ಸುಹಾಸ್ ಕೊಟ್ಟ ಉತ್ತರ ಬೆಣ್ಣೆಯಲ್ಲಿ ಕೂದಲು ತೆಗೆದಂತಿತ್ತು. ಎರಡರಿಂದ ಏಳು ಪಟ್ಟು ಸಾಕು. ದಟ್ಟ ಕಾಡಲ್ಲಿ ಹೆಚ್ಚು ದೊಡ್ಡದು ಮಾಡಿದರೆ ಜಿಂಕೆಯ ಬದಲು ಬರೀ ಎಲೆ ಕಾಣುತ್ತದೆ. ಮುಂದಿನ ಗಾಜು ಚಿಕ್ಕದಿರಲಿ, ನಳಿಗೆಗೆ ಅಂಟಿದಂತೆ ತಗ್ಗಾಗಿ ಕೂರುತ್ತದೆ. ದೊಡ್ಡ ಸ್ಕೋಪು ಹಾಕಿದರೆ ಹಗುರ ಬಂದೂಕ ಕೊಂಡು ಏನು ಬಂತು? ಮುಖ್ಯವಾಗಿ, ಕಣ್ಣಿಗೂ ಗಾಜಿಗೂ ನಾಲ್ಕು ಅಂಗುಲ ಅಂತರ ಬಿಡುವಂಥದ್ದಾಗಿರಬೇಕು. "ಹಗುರ ಬಂದೂಕ ಜೋರಾಗಿ ಒದೆಯುತ್ತೆ ಅಣ್ಣ. ಹತ್ತಿರ ಇದ್ರೆ ಹುಬ್ಬು ಕಿತ್ಕೊಂಡು ಹೋಗುತ್ತೆ." ಗುರಿ ಅಭ್ಯಾಸದ ಮೈದಾನಕ್ಕೂ ಜೊತೆಗೆ ಬಂದ. ನೂರು ಗಜದಲ್ಲಿ ಮೂರು ಗುಂಡುಗಳು ಒಂದು ನಿಂಬೆಹಣ್ಣಿನ ಅಗಲದಲ್ಲಿ ಬಿದ್ದಾಗ ತಿಪ್ಪಣ್ಣ ಹುಡುಗನ ಬೆನ್ನು ತಟ್ಟಿ, "ನನ್ನ ತಮ್ಮನೂ ನಂಗೋಸ್ಕರ ಇಷ್ಟು ಮಾಡ್ತಿರ್ಲಿಲ್ಲ" ಎಂದ. ಮನಸ್ಸಿಟ್ಟೇ ಹೇಳಿದ ಮಾತು ಅದು.

ಅಕ್ಟೋಬರಿನ ಎರಡನೆಯ ಶನಿವಾರ ಬೇಟೆ ಶುರು. ತಿಪ್ಪಣ್ಣ ಕಿತ್ತಳೆ ಜಾಕೀಟು ಹಾಕಿಕೊಂಡು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಗೇಟಿನ ಬಳಿ ಬಂದ. ಅಲ್ಲೊಂದು ದೊಡ್ಡ ಪಿಕಪ್ ಲಾರಿ ನಿಂತಿತ್ತು. ಇರಲಿ, ಕಾಡು ದೊಡ್ಡದು ಎಂದುಕೊಂಡು ನಡೆದ. ತೊರೆ ದಾಟುವಾಗ ಮೇಲಿನಿಂದ ಒಂದು ಗುಂಡಿನ ಸದ್ದು ಕೇಳಿತು. ಒಂದೇ ಒಂದು. ಅದು ಎಲ್ಲಿಂದ ಬಂತೆಂದು ಅವನಿಗೆ ತಕ್ಷಣ ಗೊತ್ತಾಯಿತು. ಆದರೂ ಆಗಿರಲಾರದು ಎಂದು ಮಂಡಿ ಹಿಡಿದುಕೊಂಡು ಹತ್ತಿದ.

ಬಯಲಿನ ಅಂಚಿಗೆ ಬಂದಾಗ ಅವನ ಬುಡದ ಪಕ್ಕದಲ್ಲಿ ಎರಡು ಕಿತ್ತಳೆ ಚುಕ್ಕೆ ಕಂಡವು. ಯಾರೆಂದು ನೋಡಲು ಕೈ ತಾನಾಗಿ ರೈಫಲನ್ನು ಎತ್ತಿತು. ಅರ್ಧಕ್ಕೇ ತಡೆದ. ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ರೈಫಲನ್ನು ಹುಲ್ಲಿನ ಮೇಲೆ ಮಲಗಿಸಿ, ಕತ್ತಿನಲ್ಲಿದ್ದ ಬೈನಾಕ್ಯುಲರ್ ಹಿಡಿದ. ಒಬ್ಬ, ಸುಹಾಸನ ವಿಭಾಗದ ಡೈರೆಕ್ಟರ್. ಮಂಡಿಯೂರಿ ಒಂದು ಜಿಂಕೆಯ ಕೊಂಬು ಎಣಿಸುತ್ತಿದ್ದ. ಇನ್ನೊಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಾಳೆ ಇತ್ತು.

ಸುಹಾಸ್ ಅವನನ್ನು ನೋಡಿದ. ಡೈರೆಕ್ಟರಿಗೆ ಏನೋ ಹೇಳಿ, ಒಬ್ಬನೇ ಇಳಿದು ಬಂದ.

"ಅಣ್ಣ, ನೀವು ಲೇಟಾಗಿ ಬರ್ತೀರೇನೋ ಅಂದ್ಕೊಂಡೆ."

"ಯಾಕೋ ಹಿಂಗ್ ಮಾಡ್ದೆ?"

"ಮುಂದಿನ ತಿಂಗಳು ನನ್ನ ಪ್ರಮೋಷನ್ ರಿವ್ಯೂ ಇದೆ. ಅವ್ರು ಮೂರು ವರ್ಷದಿಂದ ಒಂದು ಒಳ್ಳೆ ಜಾಗ ಹುಡುಕ್ತಿದ್ರು. ಒಂದು ಸಲ ತೋರ್ಸಿದ್ರೆ ಏನಾಗುತ್ತೆ ಅಂದ್ಕೊಂಡೆ." ಮೇಲೆ ಡೈರೆಕ್ಟರ್ ಇದ್ದ ಕಡೆ ಒಮ್ಮೆ ನೋಡಿ ಮುಂದುವರಿಸಿದ. "ಇದು ನಿಮ್ಮ ಸ್ವಂತದ್ದೇನೂ ಅಲ್ವಲ್ಲ ಅಣ್ಣ, ಮರದ ಕಂಪನಿ ಕಾಡು. ಸ್ಕೋಪ್ ವಿಷ್ಯದಲ್ಲಿ ನಾನೇನಾದ್ರೂ ಮೋಸ ಮಾಡಿದ್ನಾ? ನೀವೇ ಹೇಳಿ."

ಅದೇ ಸಂಕಟ. ಮೋಸ ಮಾಡಿರಲಿಲ್ಲ. ಕೆಟ್ಟ ಸ್ಕೋಪು ತಲೆಗೆ ಕಟ್ಟಿದ್ದರೆ ಕಳ್ಳ ಎಂದು ಬೈದು ಹಗುರಾಗಬಹುದಿತ್ತು. ಹದಿನಾಲ್ಕರಲ್ಲಿ ಯಾವ ಪ್ರಶ್ನೆ ತನಗಾಗಿ, ಯಾವುದು ಡೈರೆಕ್ಟರಿಗಾಗಿ? ಮೊದಲಿಂದಲೇ ಹೂಡಿದ್ದೋ, ಹಾಳೆ ಕೈಗೆ ಬಂದ ಮೇಲೆ ಹುಟ್ಟಿದ ಬುದ್ಧಿಯೋ? ಕೇಳಬೇಕೆನಿಸಿತು. ಕೇಳಿದರೂ ಅದಕ್ಕೂ ಒಂದು ಸರಿಯಾದ ಕಾರಣ ಕೊಡುತ್ತಾನೆ ಎನಿಸಿ, ರೈಫಲ್ ಎತ್ತಿಕೊಂಡು ಬಂದ ದಾರಿಯಲ್ಲೇ ಇಳಿದ.

ಮನೆಯಲ್ಲಿ ವಸಂತಲಕ್ಷ್ಮಿ ಎಲ್ಲ ಕೇಳಿಸಿಕೊಂಡಳು. "ಉಂಡ ಮನೆ ಜಂತೆ ಎಣಿಸ್ದ ಅನ್ನಿ, ಮನೆಹಾಳ" ಎಂದು ಬೈದಳು. ಆಮೇಲೆ ಒಲೆಯ ಕಡೆ ತಿರುಗಿ, "ಕಾಲು ಮುರ್ಕೊಂಡು ಬಿದ್ರೆ ಎಲ್ಲಿ ಹುಡುಕ್ಲಿ ಅಂತ ನಾನು ವರ್ಷಾ ವರ್ಷಾ ಕೇಳ್ದೆ. ನಂಗ್ ಹೇಳ್ಲಿಲ್ಲ ನೀವು" ಎಂದಳು. ಮಗಳು ಅಕ್ಷಯಾ ಇಬ್ಬರನ್ನೂ ನೋಡಿ, ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಸೋಮವಾರ ಮಧ್ಯಾಹ್ನ ಡೈರೆಕ್ಟರ್ ಲ್ಯಾಬಿಗೆ ಬಂದ. ಹಿಂದೆ ಕಾಫಿ ಕಪ್ಪು ಹಿಡಿದು ಸುಹಾಸ್. ಡೈರೆಕ್ಟರಿಗೆ ಏನೂ ಗೊತ್ತಿರಲಿಲ್ಲ, ಶನಿವಾರ ಬಯಲಿನ ಅಂಚಿನಲ್ಲಿ ನಿಂತಿದ್ದವನು ಯಾರೆಂಬುದೂ; ಒಳ್ಳೆಯ ಮನುಷ್ಯ, ಖುಷಿ ತಡೆಯಲಾರದೆ ಸಿಕ್ಕಿದವರಿಗೆಲ್ಲ ಫೋಟೋ ತೋರಿಸುತ್ತಿದ್ದ. ನಾಲ್ಕು ಕವಲಿನ ಕೊಂಬು, ಹಿಂದೆ ಸೀಡರ್ ಬುಡ. ಜಾಗ ಸುಹಾಸನದು ಎಂದ. ವರ್ಷಗಟ್ಟಲೆ ಅಲೆದು ಹುಡುಕಿದ್ದಂತೆ, ಬಂದೂಕ ಹಿಡಿಯದ ಹುಡುಗನಿಗೆ ಕಾಡಿನ ಮೇಲೆ ಎಂಥ ಕಣ್ಣು ನೋಡು ಎಂದು ಅವನ ಭುಜ ತಟ್ಟಿದ. ತಿಪ್ಪಣ್ಣ ಸುಹಾಸನ ಮುಖ ನೋಡಿದ. ಸುಹಾಸ್ ಕಪ್ಪಿನೊಳಗೆ ನೋಡುತ್ತಿದ್ದ.

"ಟಿಪ್, ನೀನೂ ಬೇಟೆಗೆ ಹೋಗ್ತೀಯಂತಲ್ಲ" ಎಂದ ಡೈರೆಕ್ಟರ್. "ಮುಂದಿನ ವರ್ಷ ನಮ್ಮ ಜೊತೆ ಬಾ. ಸುಹಾಸನ ಬುಡದ ಹಿಂದೆ ಒಂದು ದಿನ ನಿನ್ನನ್ನೂ ಕೂರಿಸ್ತೀವಿ."

ಲ್ಯಾಬಿನ ನಾಲ್ಕೈದು ಜನ ಇತ್ತ ತಿರುಗಿ ನೋಡುತ್ತಿದ್ದರು. ಹೇಳಿದರೆ ಒಂದೇ ಮಾತಿಗೆ ಮುಗಿಯುತ್ತಿತ್ತು, ಹುಡುಗನ ಬಡ್ತಿಯೂ, ಮಾನವೂ. ಆದರೆ ಆ ಜಾಗ ನನ್ನದು ಎಂದು ತಿಪ್ಪಣ್ಣ ಎಂದೂ, ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಇನ್ನು ಹೇಳಿದರೆ ನಂಬುವವರು ಯಾರು?

"ಥ್ಯಾಂಕ್ಸ್" ಎಂದ ತಿಪ್ಪಣ್ಣ. "ನಾನು ಆ ಕಡೆಯೆಲ್ಲ ಹೋದವನಲ್ಲ."