ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾರೆ

ನನ್ನ ಟ್ರಂಕಿನ ತಳದಲ್ಲಿ ಆರು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟುಗಳಿವೆ. ಸೈನ್ಯದಲ್ಲಿದ್ದ ಗಂಡನಿಗೆ ಪೋಸ್ಟಿಂಗ್ ಬಂದಾಗಲೆಲ್ಲ ನಾನು ಟೀಚರ್ ಕೆಲಸ ಬಿಟ್ಟೆ. ಬಿಟ್ಟಾಗಲೆಲ್ಲ ಶಾಲೆಯವರು ಒಂದೇ ವಾಕ್ಯ ಬರೆದುಕೊಟ್ಟರು: 'ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾರೆ.' ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದಂತೆ ಥ್ಯಾಂಕ್ ಯೂ ಹೇಳಿ ತೆಗೆದುಕೊಂಡೆ.

ಗಂಡ ತೀರಿಕೊಂಡ ಮೇಲೆ ಅರಸೀಕೆರೆಗೆ ಬಂದೆ. ಇಲ್ಲಿನ ಸಣ್ಣ ಶಾಲೆಯೊಂದರವರು ನನ್ನ ಇಂಗ್ಲಿಷ್ ನಂಬಿಕೊಂಡು, ಹೊಸ ಟೀಚರ್‌ಗಳನ್ನು ಆರಿಸುವ ಇಂಟರ್‌ವ್ಯೂಗಳಿಗೆ ಕರೆಯುತ್ತಾರೆ. ಎರಡು ವರ್ಷದ ಹಿಂದೆ ಹತ್ತಿರದ ಗಂಡಸಿ ಊರಿನ ಹುಡುಗಿಯೊಬ್ಬಳು ಬಂದಳು. ಬಿ.ಎಡ್. ಆಗಿತ್ತು. ಸೈನಿಕನಾದ ಗಂಡನನ್ನು ಗಡಿಗೆ ಹಾಕಿದ್ದರಿಂದ ಪಂಜಾಬಿನ ಕೆಲಸ ಬಿಟ್ಟು ಅತ್ತೆಮನೆ ಸೇರಿದ್ದಳು. ಫೈಲಿನಲ್ಲಿ ಮೂರು ಸರ್ಟಿಫಿಕೇಟು. ಮೂರರಲ್ಲೂ ಅದೇ ವಾಕ್ಯ.

ಡೆಮೋ ಪಾಠ ಚೆನ್ನಾಗಿ ಮಾಡಿದಳು. ಆದರೆ ಎರಡು ವರ್ಷ ಇರುತ್ತೇನೆಂದು ಬರೆದುಕೊಡಬೇಕಿತ್ತು. ಹೆಡ್‌ಮಾಸ್ಟರು ಪೆನ್ನು ಮುಂದಿಟ್ಟರು. ಅವಳು ಮುಟ್ಟಲಿಲ್ಲ.

"ಬರೋ ಬೇಸಿಗೇಲಿ ನಮ್ಮನೆಯವ್ರಿಗೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಗ್ಬೋದು ಸಾರ್. ಸಿಕ್ಕಿದ್ರೆ ಹೋಗ್ತೀನಿ. ಸುಳ್ಳು ಬರ್ಕೊಟ್ಟು ಮಕ್ಕಳ ಮುಂದೆ ಹೆಂಗೆ ನಿಂತ್ಕಳ್ಲಿ?"

ಅವಳು ಹೊರಗೆ ಹೋದ ಮೇಲೆ ಹೆಡ್‌ಮಾಸ್ಟರು ನಕ್ಕರು. "ಮಿಲಿಟ್ರಿಯೋರ ಹೆಂಡ್ತೀರು ನಮ್ಮ ರೈಲ್ವೆ ಜಂಕ್ಷನ್ ಪ್ಯಾಸೆಂಜರ್ ಇದ್ದಂಗೆ ಮೇಡಂ. ಟೀ ಕುಡಿಯೋದ್ರೊಳಗೆ ಗಾಡಿ ಬಂದಿರುತ್ತೆ."

"ನಾನೂ ಅದೇ ಪ್ಯಾಸೆಂಜರ್ ಕಣ್ರೀ," ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಒಂದು ವರ್ಷಕ್ಕೇ ತೆಗೆದುಕೊಳ್ಳಿ, ಅವಳು ಹೋದರೆ ಬೇರೆಯವರು ಸಿಗುವವರೆಗೆ ಕ್ಲಾಸಿಗೆ ನಾನು ಬರುತ್ತೇನೆ ಎಂದೆ. ಮೊಣಕಾಲು ನೋವಿನ ವಿಷಯ ಹೇಳಲಿಲ್ಲ. ಒಪ್ಪಿದರು.

ಮೂರನೇ ಕ್ಲಾಸು ಅವಳದಾಯಿತು. ದಿನವೂ ಗಂಡಸಿ ಬಸ್ಸಿನಲ್ಲಿ ಬರುತ್ತಿದ್ದಳು. ಹಳೇಬೀಡಿಗೆ ಪಿಕ್ನಿಕ್ ಹೋದಾಗ ಗುಡಿಯ ಗೋಡೆಯ ಆನೆಗಳನ್ನು ಮಕ್ಕಳಿಂದ ಇಂಗ್ಲಿಷಿನಲ್ಲಿ ಎಣಿಕೆ ಮಾಡಿಸಿ, ಗಂಟಲು ಕಟ್ಟಿಕೊಂಡು ಬಂದಳು.

ಏಪ್ರಿಲ್‌ನಲ್ಲಿ ಅವಳ ಗಂಡನಿಗೆ ಗಡಿಯಿಂದ ವರ್ಗವಾಗಿ ಕ್ವಾರ್ಟರ್ಸ್ ಸಿಕ್ಕಿತು. ಗುಮಾಸ್ತರು ಟೈಪ್ ಮಾಡಿದ ಸರ್ಟಿಫಿಕೇಟನ್ನು, ಇಂಗ್ಲಿಷ್ ಸರಿಯಿದೆಯಾ ನೋಡಿ ಎಂದು ನನ್ನ ಕೈಗೆ ಕೊಟ್ಟರು. ಇಂಗ್ಲಿಷ್ ಸರಿಯಾಗಿತ್ತು. ಕೊನೆಯ ಸಾಲು ಹೊಡೆದುಹಾಕಿ ಬೇರೆ ಬರೆದೆ: 'ಪತಿಯ ವರ್ಗಾವಣೆಯಿಂದಾಗಿ ಬಿಡಬೇಕಾಯಿತು. ಇವರನ್ನು ಕಳಿಸುವ ಇಚ್ಛೆ ಶಾಲೆಗಿರಲಿಲ್ಲ.' ಹೀಗೆಲ್ಲ ಬರೆಯುವ ಪದ್ಧತಿ ಇಲ್ಲ ಎಂದು ಹೆಡ್‌ಮಾಸ್ಟರು ಗೊಣಗಿದರು, ಸಹಿಯನ್ನೂ ಹಾಕಿದರು.

ಅವಳು ನಿಂತುಕೊಂಡೇ ಎರಡು ಸಲ ಓದಿದಳು. ಉಳಿದ ಮೂರರ ಮೇಲೆ ಅದನ್ನಿಟ್ಟು ಫೈಲು ಮುಚ್ಚಿದಳು.

ಜೂನ್‌ನಲ್ಲಿ ಅವಳ ಕ್ಲಾಸಿಗೆ ನಾನು ಹೋದೆ. ಎರಡನೇ ಕ್ಲಾಸಿನಿಂದ ಹೊಸದಾಗಿ ಬಂದ ಮಕ್ಕಳು ಗುಡ್ ಮಾರ್ನಿಂಗ್ ಹೇಳಿ, ಮೂರನೇ ಕ್ಲಾಸಿನ ಮಿಸ್ ಯಾವಾಗ ಬರ್ತಾರೆ ಎಂದು ಕೇಳಿದರು.